ಏಳು ಕ್ಷೇತ್ರದ ಪಕ್ಷಕ್ಕೆ ಒಂದು ಗುರುತು: ಚುನಾವಣಾ ಆಯೋಗದ ಸೇವೆ ಮಲೆನಾಡಿನ ಸಣ್ಣ ಪಕ್ಷಕ್ಕೆ ಎಷ್ಟು ಒದಗುತ್ತದೆ?

ಹತ್ತು ಸಾವಿರ ರೂಪಾಯಿಯ ಒಂದು ಡಿಡಿ, ನೂರು ಅಫಿಡವಿಟ್, ಪುಟಪುಟಕ್ಕೂ ಸಹಿ–ಮೊಹರು ಬಿದ್ದ ಪಕ್ಷದ ನಿಯಮಾವಳಿ. ರಾಜಕೀಯ ಪಕ್ಷ ನೋಂದಾಯಿಸಲು ಭಾರತದ ಚುನಾವಣಾ ಆಯೋಗ ಕೇಳುವ ಮುಖ್ಯ ಸರಂಜಾಮು ಇಷ್ಟೇ. ಸಾಗರದ ಪೇಟೆಯಲ್ಲಿ ಒಂದು ಚಹಾದಂಗಡಿ ಇಡುವುದಕ್ಕೂ ಇದಕ್ಕಿಂತ ಹೆಚ್ಚು ಬಂಡವಾಳ ಬೇಕು. ಆದರೆ ನೋಂದಣಿ ಈ ಸೇವೆಯ ಮೊದಲ ಕೌಂಟರ್ ಮಾತ್ರ. ಅದರಾಚೆಗೆ ಚಿಹ್ನೆ, ನಾಮಪತ್ರ, ಪ್ರಚಾರದ ಅನುಮತಿ, ಖರ್ಚಿನ ಲೆಕ್ಕ ಎಂದು ಇನ್ನೂ ನಾಲ್ಕು ಕೌಂಟರ್‌ಗಳಿವೆ. ಒಂದೆರಡು ತಾಲ್ಲೂಕಿನ ಸಮಸ್ಯೆ ಹಿಡಿದು ಹೊರಟ ಪಕ್ಷವೊಂದು ಇವನ್ನೆಲ್ಲ ದಾಟುವಾಗ ಏನು ಸಿಗುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ನೋಡುವುದು ಈ ವಿಮರ್ಶೆಯ ಕೆಲಸ.

ಈ ಪ್ರಶ್ನೆ ಶಿವಮೊಗ್ಗಕ್ಕೆ ಹೊಸತೇನಲ್ಲ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿ ಅಳೆಯುವ ಕೊಳಗದ ಜಗಳವನ್ನು ರಾಜ್ಯದ ರಾಜಕಾರಣಕ್ಕೆ ಎಳೆದು ತಂದವರು ಎಚ್. ಗಣಪತಿಯಪ್ಪನವರಂಥ ರೈತ ಮುಖಂಡರು ಮತ್ತು ಸಮಾಜವಾದಿಗಳು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದೂ ಇಲ್ಲೇ. ಮರುವರ್ಷವೇ ಶಾಂತವೇರಿ ಗೋಪಾಲಗೌಡರು ಸಮಾಜವಾದಿ ಪಕ್ಷದಿಂದ ಶಾಸನಸಭೆ ಹೊಕ್ಕರು. ಆ ಪಕ್ಷ ರಾಜ್ಯದಲ್ಲಿ ಎಂದೂ ತಾನೇ ಸರ್ಕಾರ ಮಾಡಲಿಲ್ಲ. ಆದರೂ ಉಳುವವನೇ ಹೊಲದೊಡೆಯ ಎಂಬ ಅದರ ಬೇಡಿಕೆ 1974ರಲ್ಲಿ ದೇವರಾಜ ಅರಸರ ಕಾಂಗ್ರೆಸ್ ಸರ್ಕಾರದ ಕಾನೂನಾಯಿತು. ಸಣ್ಣ ಪಕ್ಷದ ಕಸುಬು ಇದೇ: ದೊಡ್ಡವರು ಮುಟ್ಟದ ವಿಷಯವನ್ನು ಅವರು ಮುಟ್ಟಲೇಬೇಕಾದ ಹಂತಕ್ಕೆ ತರುವುದು. 1967ರಲ್ಲಿ ಸಂಯುಕ್ತ ಸೋಷಲಿಸ್ಟ್ ಪಕ್ಷದಿಂದ ಶಿವಮೊಗ್ಗದ ಸಂಸದರಾದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ್ದೂ ಈ ಸಾಲಿಗೇ ಸೇರುತ್ತದೆ.

ಜಿಲ್ಲೆ ಇನ್ನೊಂದು ಬಗೆಯ ಸಣ್ಣ ಪಕ್ಷವನ್ನೂ ಕಂಡಿದೆ. ದೊಡ್ಡ ನಾಯಕ ಮುನಿಸಿಕೊಂಡು ಹೊರಬಂದಾಗ ಹುಟ್ಟುವ ಪಕ್ಷ ಅದು. ಎಸ್. ಬಂಗಾರಪ್ಪನವರ ಕರ್ನಾಟಕ ಕಾಂಗ್ರೆಸ್ ಪಕ್ಷ 1994ರಲ್ಲಿ 10 ಸ್ಥಾನ ಗೆದ್ದಿತು. 1996ರಲ್ಲಿ ಅವರು ಕರ್ನಾಟಕ ವಿಕಾಸ ಪಕ್ಷದಿಂದ ಲೋಕಸಭೆಗೆ ಹೋದರು. ಬಿ.ಎಸ್. ಯಡಿಯೂರಪ್ಪನವರ ಕರ್ನಾಟಕ ಜನತಾ ಪಕ್ಷ (ಕೆಜೆಪಿ) 2013ರಲ್ಲಿ ತೆಂಗಿನಕಾಯಿ ಗುರುತಿನಲ್ಲಿ 6 ಸ್ಥಾನ ಗೆದ್ದು, ಶೇ 10ರ ಹತ್ತಿರ ಮತ ಪಡೆದು, ಬಿಜೆಪಿಯನ್ನು 40ಕ್ಕೆ ಇಳಿಸಿ, 2014ರ ಆರಂಭದಲ್ಲಿ ಮತ್ತೆ ಅದರಲ್ಲೇ ಸೇರಿಹೋಯಿತು. ಇಂಥ ಪಕ್ಷಕ್ಕೆ ಆಯೋಗದ ಕೌಂಟರ್‌ಗಳು ದೊಡ್ಡ ತಲೆನೋವಲ್ಲ. ವಕೀಲರು, ಲೆಕ್ಕಪರಿಶೋಧಕರು, ದುಡ್ಡು ಎಲ್ಲವೂ ನಾಯಕನ ಹಿಂದೆಯೇ ಬರುತ್ತವೆ. ಹಾಗಾಗಿ ಮುಂದಿನ ಮಾತೆಲ್ಲ ಮೊದಲ ಬಗೆಯ ಪಕ್ಷಕ್ಕೆ, ಅಂದರೆ ಬಗರ್ ಹುಕುಂ, ಮುಳುಗಡೆ ಸಂತ್ರಸ್ತರ ಭೂಮಿ, ಅಡಿಕೆ ರೋಗ ಎಂದು ಹೊರಟವರಿಗೆ.

ನೋಂದಣಿ

1951ರ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಮಿನ ಅಡಿ ಅರ್ಜಿ. ಪಕ್ಷ ಸ್ಥಾಪನೆಯಾದ ದಿನದಿಂದ 30 ದಿನದೊಳಗೆ ಅದು ದೆಹಲಿ ಮುಟ್ಟಿರಬೇಕು. ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. ಮೊದಲು ದೊಡ್ಡ ಸಭೆ, ಹಾರ, ಪತ್ರಿಕಾಗೋಷ್ಠಿ, ಪೇಪರಿನಲ್ಲಿ ಫೋಟೊ. ಆಮೇಲೆ ನೂರು ಜನರ ಅಫಿಡವಿಟ್ಟಿಗೆ ಓಡಾಟ. ಹೊಸನಗರ, ಸೊರಬ, ತೀರ್ಥಹಳ್ಳಿ ಸುತ್ತಿ ನೂರು ಮಂದಿಯನ್ನು ನೋಟರಿ ಮುಂದೆ ಕೂರಿಸುವಷ್ಟರಲ್ಲಿ ತಿಂಗಳು ದಾಟಿರುತ್ತದೆ. ಸ್ಥಾಪನೆಯ ದಿನಾಂಕ ಪೇಪರಿನಲ್ಲೇ ಅಚ್ಚಾಗಿರುವುದರಿಂದ ಹಿಂದುಮುಂದು ಮಾಡುವ ಹಾಗೂ ಇಲ್ಲ. ಸರಿಯಾದ ಕ್ರಮ ತಿರುಗಾಮುರುಗ: ನಿಯಮಾವಳಿ, ಅಫಿಡವಿಟ್ ಕರಡು, ಮತದಾರರ ಪಟ್ಟಿಯ ಪ್ರತಿ, ಡಿಡಿ, ಪ್ಯಾನ್ ಮತ್ತು ಬ್ಯಾಂಕ್ ಖಾತೆಗೆ ಬೇಕಾದ ಕಾಗದ ಎಲ್ಲ ಸಿದ್ಧವಾದ ಮೇಲೆ ಸ್ಥಾಪನಾ ಸಭೆ ಕರೆದು, ಅಂದೇ ಅಲ್ಲೇ ನೋಟರಿಯನ್ನು ಕೂರಿಸಿ ಸಹಿ ಹಾಕಿಸುವುದು. ನೂರಕ್ಕೆ ನೂರೇ ಮಂದಿಯನ್ನು ಹಿಡಿಯಬೇಡಿ, ನೂರಿಪ್ಪತ್ತು ಇರಲಿ. ಮತದಾರರ ಪಟ್ಟಿಯಲ್ಲಿ ಹೆಸರಿನ ಅಕ್ಷರ ಒಂದು, ಅಫಿಡವಿಟ್‌ನಲ್ಲಿ ಇನ್ನೊಂದು ಇದ್ದ ನಾಲ್ಕೈದು ಖಂಡಿತ ಹೊರಬೀಳುತ್ತವೆ. ತಾನು ಬೇರೆ ಯಾವ ಪಕ್ಷದ ಸದಸ್ಯನೂ ಅಲ್ಲ ಎಂದು ಪ್ರತಿಯೊಬ್ಬನೂ ಪ್ರಮಾಣ ಮಾಡಬೇಕಾದ್ದರಿಂದ, ಹಳೆ ಪಕ್ಷದ ಸದಸ್ಯತ್ವ ಚೀಟಿ ಜೇಬಲ್ಲಿಟ್ಟುಕೊಂಡವರನ್ನು ಮೊದಲೇ ಕೇಳಿ ಬಿಡಿಸಿ.

ನಿಯಮಾವಳಿಯಲ್ಲಿ ಇರಲೇಬೇಕಾದ ಸಾಲುಗಳಿವೆ. ಸಂವಿಧಾನಕ್ಕೆ ನಿಷ್ಠೆ, ಸಮಾಜವಾದ, ಜಾತ್ಯತೀತತೆ, ಪ್ರಜಾಪ್ರಭುತ್ವದ ತತ್ವಗಳಿಗೆ ಬದ್ಧತೆ, ದೇಶದ ಸಾರ್ವಭೌಮತೆ, ಏಕತೆ, ಅಖಂಡತೆಯ ರಕ್ಷಣೆ. ಕಾಯ್ದೆಯ ಮಾತುಗಳನ್ನೇ ಇಳಿಸಿಕೊಳ್ಳಿ, ಸ್ವಂತ ಸಾಹಿತ್ಯ ಬೇಡ. ಪದಾಧಿಕಾರಿಗಳ ಚುನಾವಣೆ ಎಷ್ಟು ವರ್ಷಕ್ಕೊಮ್ಮೆ, ಹೇಗೆ ಎಂಬುದೂ, ನೋಂದಣಿಯಾದ ಐದು ವರ್ಷದೊಳಗೆ ಚುನಾವಣೆಗೆ ನಿಲ್ಲುತ್ತೇವೆ ಎಂಬುದೂ ಬೇಕು. ‘ಸಂಸ್ಥಾಪಕರು ಆಜೀವ ಅಧ್ಯಕ್ಷರು’ ಎಂದು ಬರೆದುಕೊಂಡು ಹೋದ ನಿಯಮಾವಳಿ ಆಕ್ಷೇಪಣೆಯೊಂದಿಗೆ ತಿರುಗಿ ಬಂದರೆ ಆಶ್ಚರ್ಯಪಡಬೇಕಾಗಿಲ್ಲ.

ಕಾಗದ ಸರಿಯಿದ್ದರೆ ಪಕ್ಷದ ಹೆಸರನ್ನು ಎರಡು ರಾಷ್ಟ್ರೀಯ, ಎರಡು ಸ್ಥಳೀಯ ದಿನಪತ್ರಿಕೆಗಳಲ್ಲಿ ತಲಾ ಎರಡು ದಿನ ಪ್ರಕಟಿಸಿ, ಸಾರ್ವಜನಿಕರ ಆಕ್ಷೇಪಣೆಗೆ ಸಾಮಾನ್ಯವಾಗಿ 30 ದಿನ ಬಿಡಬೇಕು. ಒಟ್ಟು ಎಂಟು ಜಾಹೀರಾತು. ಹತ್ತು ಸಾವಿರದ ಶುಲ್ಕ ನೋಡಿ ಅಗ್ಗವೆಂದುಕೊಂಡವರಿಗೆ ನಿಜವಾದ ಬಿಲ್ಲು ಬರುವುದು ಇಲ್ಲಿ. ಅರ್ಜಿ ಎಲ್ಲಿದೆ ಎಂದು 2020ರಿಂದ ಆನ್‌ಲೈನ್‌ನಲ್ಲಿ ನೋಡಬಹುದು. ಈ ಒಂದು ಸೌಕರ್ಯದಿಂದ ದೆಹಲಿಯ ಓಡಾಟ ಎಷ್ಟೋ ಕಡಿಮೆಯಾಗಿದೆ, ಒಳ್ಳೆಯ ಕೆಲಸ.

ನೋಂದಣಿಯಾಯಿತೆಂದು ಫಲಕ ಹಾಕಿ ಕೂರುವ ಹಾಗಿಲ್ಲ. 2019ರಿಂದ ಒಂದೂ ಚುನಾವಣೆಗೆ ನಿಲ್ಲದ 334 ಪಕ್ಷಗಳನ್ನು ಆಯೋಗ 2025ರ ಆಗಸ್ಟ್‌ನಲ್ಲಿ ಪಟ್ಟಿಯಿಂದ ತೆಗೆಯಿತು, ಸೆಪ್ಟೆಂಬರ್‌ನಲ್ಲಿ ಇನ್ನೂ 474. ಹೆಸರಿಗೊಂದು ಪಕ್ಷ ಇಟ್ಟುಕೊಂಡು ದೇಣಿಗೆಯ ಮೇಲಿನ ತೆರಿಗೆ ವಿನಾಯಿತಿಗಷ್ಟೇ ಬಳಸುವವರಿದ್ದರು ಎಂಬುದು ಗುಟ್ಟೇನಲ್ಲ. ಆ ಕಳೆ ಕಿತ್ತದ್ದಕ್ಕೆ ತಕರಾರಿಲ್ಲ. ನಿಜವಾಗಿ ಇರುವ ಸಣ್ಣ ಪಕ್ಷ ಮಾಡಬೇಕಾದ್ದಿಷ್ಟು: ಆರು ವರ್ಷ ಖಾಲಿ ಬಿಡದೆ ಎಲ್ಲಾದರೂ ಒಬ್ಬ ಅಭ್ಯರ್ಥಿಯನ್ನು ನಿಲ್ಲಿಸುವುದು, ವಾರ್ಷಿಕ ಲೆಕ್ಕಪರಿಶೋಧನೆ ಮತ್ತು ಇಪ್ಪತ್ತು ಸಾವಿರ ಮೀರಿದ ದೇಣಿಗೆಗಳ ವರದಿಯನ್ನು ವರ್ಷವೂ ಸಲ್ಲಿಸುವುದು, ಕಚೇರಿ ಬದಲಾದರೆ ವಿಳಾಸ ತಿಳಿಸುವುದು. ಹಳೆ ವಿಳಾಸಕ್ಕೆ ಹೋದ ನೋಟಿಸ್ ತಿರುಗಿ ಬಂದರೆ ಪಕ್ಷವೇ ಇಲ್ಲವೆಂದು ಲೆಕ್ಕ.

ಚಿಹ್ನೆ

ಇಡೀ ಸೇವೆಯಲ್ಲಿ ಮಲೆನಾಡಿನವರಿಗೆ ಅತಿ ಹೆಚ್ಚು ತೊಂದರೆ ಕೊಡುವುದು ಈ ಕೌಂಟರ್. 1968ರ ಚಿಹ್ನೆಗಳ ಆದೇಶದ 10ಬಿ ಕಂಡಿಕೆಯಂತೆ, ಮಾನ್ಯತೆ, ಅಂದರೆ ರಾಜ್ಯ ಅಥವಾ ರಾಷ್ಟ್ರೀಯ ಪಕ್ಷವೆಂಬ ಸ್ಥಾನ, ಇಲ್ಲದ ನೋಂದಾಯಿತ ಪಕ್ಷವೂ ತನ್ನೆಲ್ಲ ಅಭ್ಯರ್ಥಿಗಳಿಗೆ ಒಂದೇ ಗುರುತು ಕೇಳಬಹುದು. ಷರತ್ತು: ವಿಧಾನಸಭೆಯ ಕನಿಷ್ಠ ಶೇ 5ರಷ್ಟು ಕ್ಷೇತ್ರಗಳಲ್ಲಿ ಸ್ಪರ್ಧಿಸಬೇಕು. ಕರ್ನಾಟಕದ 224ಕ್ಕೆ ಶೇ 5 ಎಂದರೆ 11.2. ಶಿವಮೊಗ್ಗ ಜಿಲ್ಲೆಯಲ್ಲಿ ಇರುವುದು ಶಿವಮೊಗ್ಗ ನಗರ, ಗ್ರಾಮಾಂತರ, ಭದ್ರಾವತಿ, ತೀರ್ಥಹಳ್ಳಿ, ಸಾಗರ, ಸೊರಬ, ಶಿಕಾರಿಪುರ ಸೇರಿ ಏಳೇ ಕ್ಷೇತ್ರ. ಜಿಲ್ಲೆಯ ಮೂಲೆಮೂಲೆಯಲ್ಲೂ ಅಭ್ಯರ್ಥಿ ನಿಲ್ಲಿಸಿದ ಪಕ್ಷಕ್ಕೂ ಒಂದೇ ಗುರುತಿನ ಹಕ್ಕಿಲ್ಲ! ಚಿಕ್ಕಮಗಳೂರು ಜಿಲ್ಲೆಯ ಐದನ್ನೂ ಸೇರಿಸಿ ಹನ್ನೆರಡು ಮಾಡಿದರೆ ಲೆಕ್ಕ ಕೂಡುತ್ತದೆ. ಅಂದರೆ ಶರಾವತಿ ಮುಳುಗಡೆಯ ವಿಷಯ ಹಿಡಿದ ಪಕ್ಷ ಕಡೂರಿನ ಬಯಲಿಗೂ ಒಬ್ಬ ಅಭ್ಯರ್ಥಿಯನ್ನು ಹುಡುಕಬೇಕು.

ಇದರ ವಿಚಿತ್ರ ನೋಡಿ. ನಮ್ಮ ಚುನಾವಣಾ ಪದ್ಧತಿಯಲ್ಲಿ ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವನು ಗೆಲ್ಲುತ್ತಾನೆ. ಒಂದೇ ಕಡೆ ಗಟ್ಟಿಯಾಗಿ ಬೇರೂರಿದ ಸಣ್ಣ ಪಕ್ಷಕ್ಕೆ ಇದರಲ್ಲಿ ಅವಕಾಶವಿದೆ. ಮೇಲುಕೋಟೆಯಲ್ಲಿ ಸರ್ವೋದಯ ಕರ್ನಾಟಕ ಪಕ್ಷ 2013ರಲ್ಲೂ 2023ರಲ್ಲೂ ಗೆದ್ದದ್ದು ಹೀಗೆ. ಚಿಹ್ನೆಯ ನಿಯಮ ಮಾತ್ರ ತೆಳ್ಳಗೆ ಹರಡಿಕೊಂಡ ಪಕ್ಷಕ್ಕೆ ಮಣೆ ಹಾಕುತ್ತದೆ. ಮಾನ್ಯತೆಯ ಲೆಕ್ಕವೂ ಅಷ್ಟೇ. ರಾಜ್ಯ ಪಕ್ಷವಾಗಲು ಇರುವ ದಾರಿಗಳಲ್ಲಿ ಒಂದು, ಶೇ 6 ಮತದ ಜತೆಗೆ ಇಬ್ಬರು ಶಾಸಕರು. ಶಿವಮೊಗ್ಗ ಜಿಲ್ಲೆಯ ಪ್ರತಿಯೊಬ್ಬ ಮತದಾರ ಒತ್ತಿದರೂ ರಾಜ್ಯದ ಶೇ 6 ಆಗುವುದಿಲ್ಲ. ಇನ್ನೊಂದು ದಾರಿ ಶೇ 3ರಷ್ಟು ಸ್ಥಾನ ಅಥವಾ ಮೂರು, ಇವೆರಡರಲ್ಲಿ ಹೆಚ್ಚಿನದು. 224ಕ್ಕೆ ಅದು ಏಳು. ಜಿಲ್ಲೆಯ ಏಳಕ್ಕೆ ಏಳನ್ನೂ ಗೆದ್ದರೆ ಮಾನ್ಯತೆ ಉಂಟು. ಅಷ್ಟು ಗೆದ್ದವರಿಗೆ ಮಾನ್ಯತೆಯ ಚಿಂತೆ ಇರುತ್ತದೆಯೇ ಎಂಬುದು ಬೇರೆ ಮಾತು.

ಹನ್ನೆರಡು ಕ್ಷೇತ್ರ ಆಗದಿದ್ದರೆ ಒಂದು ಅಡ್ಡದಾರಿ ಇದೆ, ಪೂರ್ತಿ ಕಾನೂನುಬದ್ಧ. ಪ್ರತಿ ಅಭ್ಯರ್ಥಿಯೂ ನಾಮಪತ್ರದಲ್ಲಿ ಮುಕ್ತ ಚಿಹ್ನೆಗಳ ಪಟ್ಟಿಯಿಂದ ಮೂರನ್ನು ಆದ್ಯತೆಯ ಕ್ರಮದಲ್ಲಿ ಬರೆಯುತ್ತಾನೆ. ಏಳೂ ಮಂದಿ ಅದೇ ಮೂರನ್ನು ಅದೇ ಕ್ರಮದಲ್ಲಿ ಬರೆಯಬೇಕು. ಅದೇ ಚಿಹ್ನೆ ಕೇಳಿದ ಪಕ್ಷೇತರರಿಗಿಂತ ನೋಂದಾಯಿತ ಪಕ್ಷದ ಅಭ್ಯರ್ಥಿಗೆ ಆದ್ಯತೆ ಇರುವುದರಿಂದ, ಇನ್ನೊಂದು ನೋಂದಾಯಿತ ಪಕ್ಷದವರು ಅದನ್ನೇ ಕೇಳಿದ ಕ್ಷೇತ್ರದಲ್ಲಿ ಮಾತ್ರ ಚೀಟಿ ಎತ್ತುವ ಪ್ರಸಂಗ ಬರುತ್ತದೆ. ಹಾಗಾಗಿ ಎಲ್ಲರೂ ಮುಗಿಬೀಳುವ ಆಟೊ, ಗ್ಯಾಸ್ ಸಿಲಿಂಡರ್‌ಗಳ ಸಹವಾಸ ಬೇಡ. ಜನರಿಗೆ ಗೊತ್ತಿರುವ, ಆದರೆ ಅಷ್ಟಾಗಿ ಯಾರೂ ಕೇಳದ ವಸ್ತುವನ್ನು ಹುಡುಕಿ. ಮತಯಂತ್ರದ ಮೇಲೆ ಚಿತ್ರ ಬಲು ಚಿಕ್ಕದು, ಅದೂ ಕಪ್ಪುಬಿಳುಪು. ಗೆರೆ ಜಾಸ್ತಿ ಇರುವ ಗುರುತು ವಯಸ್ಸಾದವರ ಕಣ್ಣಿಗೆ ಮಸಿ ಬಿದ್ದ ಹಾಗೆ ಕಾಣುತ್ತದೆ.

10ಬಿ ಅಡಿ ಕೇಳುವವರು ಮರೆಯಬಾರದ ಸಂಗತಿ: ವಿಧಾನಸಭೆಯ ಅವಧಿ ಮುಗಿಯುವ ಆರು ತಿಂಗಳ ಮುಂಚಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ, ಮೊದಲು ಬಂದವರಿಗೆ ಮೊದಲು. 2024ರ ಲೋಕಸಭೆ ಚುನಾವಣೆಗೆ ತಮಿಳುನಾಡಿನ ನಾಮ್ ತಮಿಳರ್ ಕಚ್ಚಿ ತಡವಾಗಿ ಅರ್ಜಿ ಹಾಕಿತು. ಅದು ಹಿಂದಿನ ಚುನಾವಣೆಗಳಲ್ಲಿ ಊರೂರಿಗೆ ಪರಿಚಯಿಸಿದ್ದ ಕಬ್ಬು–ರೈತ ಗುರುತು ಅಷ್ಟರಲ್ಲಿ ಕರ್ನಾಟಕದ ಒಂದು ಪಕ್ಷದ ಪಾಲಾಗಿತ್ತು. ಕೋರ್ಟಿಗೆ ಹೋದರೂ ಸಿಗಲಿಲ್ಲ. ಕೊನೆಗೆ ಮೈಕ್ ಹಿಡಿದು ನಿಂತರು. ಆ ಚುನಾವಣೆಯಲ್ಲೇ ಶೇ 8ರ ಗಡಿ ದಾಟಿ ಮಾನ್ಯತೆ ಗಳಿಸಿದರು ಅನ್ನುವುದು ನಿಜ, ಆದರೆ ಅಂಥ ಕಾರ್ಯಕರ್ತರ ಪಡೆ ಎಲ್ಲರಿಗೂ ಇರುವುದಿಲ್ಲ.

ಒಂದೇ ಗುರುತು ಮೊದಲೇ ಸಿಗದಿದ್ದರೆ ಆಗುವ ನಷ್ಟವನ್ನು 2023ರ ಕ್ಯಾಲೆಂಡರ್‌ನಲ್ಲೇ ನೋಡಿ. ನಾಮಪತ್ರ ವಾಪಸಿಗೆ ಕೊನೆ ದಿನ ಏಪ್ರಿಲ್ 24. ಚಿಹ್ನೆ ಕೈಗೆ ಬಂದದ್ದು ಆ ಮಧ್ಯಾಹ್ನದ ನಂತರ. ಮತದಾನ ಮೇ 10, ಬಹಿರಂಗ ಪ್ರಚಾರಕ್ಕೆ ತೆರೆ ಬಿದ್ದದ್ದು ಮೇ 8ರ ಸಂಜೆ. ಕರಪತ್ರ ಅಚ್ಚಾಗಿ ಬರಲು ಎರಡು ದಿನ ಬಿಟ್ಟರೆ ಉಳಿದದ್ದು ಹನ್ನೆರಡು. ಮನೆಗೊಂದು ಗುಡ್ಡ ಎಂಬಂತಿರುವ ಹೊಸನಗರ ತಾಲ್ಲೂಕಿನ ನಗರ, ಆಗುಂಬೆ, ತುಮರಿ ಕಡೆ ಅಷ್ಟು ದಿನದಲ್ಲಿ ಹೊಸ ಗುರುತು ಮುಟ್ಟಿಸುವುದು ಹೇಗೆ? ಕಮಲ, ಕೈ, ತೆನೆ ಹೊತ್ತ ಮಹಿಳೆಗೆ ವರ್ಷವಿಡೀ ಗೋಡೆ ಇದೆ.

ನಾಮಪತ್ರ

ಇಲ್ಲಿನ ಸೇವೆ ಚೆನ್ನಾಗಿದೆ. ತಪ್ಪು ಹೆಚ್ಚಾಗಿ ಗಿರಾಕಿಯದೇ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಹೆಸರು ಸೂಚಿಸಿ ಸಹಿ ಹಾಕುವ ಒಬ್ಬ ಸೂಚಕ ಸಾಕು, ಉಳಿದವರಿಗೆ ಹತ್ತು. ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು, ಅದೇ ತಾಲ್ಲೂಕಿನವರಾದರೆ ಸಾಲದು. ಹೊಸನಗರದಲ್ಲಿ ಇದು ನಿಜವಾದ ಗುಂಡಿ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಹೊಸನಗರ ಕ್ಷೇತ್ರ ಹೋಗಿ, ತಾಲ್ಲೂಕು ಸಾಗರ ಮತ್ತು ತೀರ್ಥಹಳ್ಳಿ ಕ್ಷೇತ್ರಗಳಿಗೆ ಹಂಚಿಹೋಗಿದೆ. ಪಕ್ಕದ ಊರಿನ ನೆಂಟರು ಬೇರೆ ಕ್ಷೇತ್ರದವರಾಗಿರುವುದು ಸಾಮಾನ್ಯ. ಭಾಗ ಸಂಖ್ಯೆ, ಕ್ರಮ ಸಂಖ್ಯೆಯನ್ನು ಇತ್ತೀಚಿನ ಪಟ್ಟಿಯಿಂದಲೇ ಬರೆಯಿರಿ, ವೋಟರ್ ಚೀಟಿಯ ನೆನಪಿನಿಂದಲ್ಲ. ನಾಲ್ಕು ಸೆಟ್ ಕೊಡಲು ಅವಕಾಶವಿದೆ, ಠೇವಣಿ ಒಂದೇ ಸಲ. ಕನಿಷ್ಠ ಎರಡು ಸೆಟ್‌ಗೆ ಬೇರೆ ಬೇರೆ ಹತ್ತು ಸೂಚಕರನ್ನು ಹಾಕಿದರೆ ಒಂದು ಬಿದ್ದರೂ ಇನ್ನೊಂದು ನಿಲ್ಲುತ್ತದೆ.

ಠೇವಣಿ ವಿಧಾನಸಭೆಗೆ 10,000, ಲೋಕಸಭೆಗೆ 25,000. ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧ. ಮೀಸಲು ಕ್ಷೇತ್ರವಾದ ಶಿವಮೊಗ್ಗ ಗ್ರಾಮಾಂತರದಲ್ಲಷ್ಟೇ ಅಲ್ಲ, ಸಾಮಾನ್ಯ ಕ್ಷೇತ್ರದಲ್ಲೂ. ಚಲಾಯಿತ ಸಿಂಧು ಮತದ ಆರರಲ್ಲಿ ಒಂದು ಪಾಲು ಮೀರದಿದ್ದರೆ ಅದು ಹೋಯಿತು. ಒಂದೂವರೆ ಲಕ್ಷ ಮತ ಬಿದ್ದ ಕ್ಷೇತ್ರದಲ್ಲಿ 25,000 ದಾಟಬೇಕು. ಠೇವಣಿಯನ್ನು ಖರ್ಚಿನ ಕಾಲಂನಲ್ಲೇ ಬರೆದುಕೊಂಡು ಹೊರಡುವುದು ಲೇಸು.

ಆಸ್ತಿ, ಸಾಲ ಘೋಷಿಸುವ 26ನೇ ನಮೂನೆಯ ಅಫಿಡವಿಟ್‌ನಲ್ಲಿ ಒಂದು ಕಾಲಂ ಖಾಲಿ ಬಿಟ್ಟರೂ ನೋಟಿಸ್; ಸರಿಪಡಿಸದಿದ್ದರೆ ತಿರಸ್ಕಾರ. ಗೆರೆ ಎಳೆಯಬೇಡಿ, ‘ಇಲ್ಲ’, ‘ಅನ್ವಯಿಸುವುದಿಲ್ಲ’ ಎಂದು ಬರೆಯಿರಿ. ಹೆಂಡತಿಯ ಒಡವೆ, ಸೊಸೈಟಿ ಸಾಲ, ಜಂಟಿ ಖಾತೆಯ ಜಮೀನು ಎಲ್ಲ ಬರಬೇಕು. ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆಯನ್ನು ನಾಮಪತ್ರದ ಹಿಂದಿನ ದಿನದೊಳಗೆ ತೆರೆದಿರಬೇಕು. ಪ್ರಮಾಣವಚನ ಪರಿಶೀಲನೆಯ ದಿನ ಕೊಡುತ್ತೇನೆಂದರೆ ಆಗದು, ಅದಕ್ಕೆ ಮುಂಚೆಯೇ ಆಗಬೇಕು. ಕೊನೆ ದಿನ ನಾಮಪತ್ರ ಹಾಕುವವರು ಅಲ್ಲೇ ನಿಂತು ಪ್ರಮಾಣ ಮಾಡಿಯೇ ಹೊರಬರಲಿ.

ಇವರೇ ನಮ್ಮ ಅಭ್ಯರ್ಥಿ ಎಂದು ಪಕ್ಷ ತಿಳಿಸುವ ಎ ಫಾರಂ, ಬಿ ಫಾರಂ ಕೊನೆ ದಿನ ಮಧ್ಯಾಹ್ನ 3ರೊಳಗೆ ಚುನಾವಣಾಧಿಕಾರಿಯ ಕೈಯಲ್ಲಿರಬೇಕು. ಸಹಿ ಶಾಯಿಯದೇ ಆಗಿರಬೇಕು, ಅಚ್ಚಿನ ಸಹಿ, ಮೊಬೈಲ್‌ನಲ್ಲಿ ಬಂದ ಪ್ರತಿ ನಡೆಯುವುದಿಲ್ಲ. ಸಣ್ಣ ಪಕ್ಷದ ಅಧ್ಯಕ್ಷರು ಬೆಂಗಳೂರಿನಲ್ಲಿದ್ದು, ಫಾರಂ ರಾತ್ರಿ ಬಸ್ಸಿನಲ್ಲಿ ಬರುತ್ತದೆ ಅನ್ನುವಂಥ ಏರ್ಪಾಟು ಬೇಡ. ಬಿ ಫಾರಂ ತಪ್ಪಿದರೂ ಹತ್ತು ಸೂಚಕರಿದ್ದರೆ ಪಕ್ಷೇತರನಾಗಿ ಉಳಿಯಬಹುದು. ಪಕ್ಷದ ಹೆಸರು, ಚಿಹ್ನೆಯ ಆದ್ಯತೆ ಎರಡೂ ಹೋಗುತ್ತವೆ. ಮತಪತ್ರದಲ್ಲೂ ಕೆಳಗಿಳಿಯುತ್ತೀರಿ: ಮೊದಲು ಮಾನ್ಯತೆ ಪಡೆದವರು, ಆಮೇಲೆ ನೋಂದಾಯಿತ ಪಕ್ಷದವರು, ಕೊನೆಗೆ ಪಕ್ಷೇತರರು. ಮತಗಟ್ಟೆಯೊಳಗೆ ಏಜೆಂಟರ ಕುರ್ಚಿಯ ಸಾಲೂ ಇದೇ.

ಬೇರೆ ದೇಶಗಳ ಕೌಂಟರ್

ಹೊಸದಾಗಿ ಪ್ರಜಾಪ್ರಭುತ್ವಕ್ಕೆ ಬಂದ ದೇಶಗಳ ಪಕ್ಕಕ್ಕಿಟ್ಟರೆ ನಮ್ಮ ಆಯೋಗ ಪ್ರವೇಶದಲ್ಲಿ ಉದಾರಿ. ಇಂಡೊನೇಷ್ಯಾದಲ್ಲಿ ರಾಷ್ಟ್ರೀಯ ಚುನಾವಣೆಗೆ ನಿಲ್ಲಬೇಕಾದರೆ ಎಲ್ಲ ಪ್ರಾಂತ್ಯಗಳಲ್ಲೂ, ಪ್ರತಿ ಪ್ರಾಂತ್ಯದ ಮುಕ್ಕಾಲು ಪಾಲು ಜಿಲ್ಲೆಗಳಲ್ಲೂ ಪಕ್ಷದ ಘಟಕ ಇರಬೇಕು. ಸ್ಥಳೀಯ ಪಕ್ಷಗಳಿಗೆ ಅವಕಾಶ ಇರುವುದು ಅಚೆ ಪ್ರಾಂತ್ಯದಲ್ಲಿ ಮಾತ್ರ. ನೈಜೀರಿಯಾದ ಆಯೋಗ 2020ರಲ್ಲಿ ಒಂದೇ ಏಟಿಗೆ 74 ಪಕ್ಷಗಳ ನೋಂದಣಿ ರದ್ದು ಮಾಡಿ 18 ಉಳಿಸಿತು. ನಮ್ಮ 29ಎ ಇವೆರಡಕ್ಕಿಂತ ಎಷ್ಟೋ ಮೇಲು.

ಒಳಗೆ ಹೋದ ಮೇಲಿನ ಕಥೆ ಬೇರೆ. ನೇಪಾಳದಲ್ಲಿ 275 ಸ್ಥಾನಗಳಲ್ಲಿ 110ನ್ನು ಪಕ್ಷಗಳು ಪಡೆದ ಮತದ ಪ್ರಮಾಣದಲ್ಲಿ ಹಂಚುತ್ತಾರೆ, ಅದಕ್ಕೆ ಶೇ 3 ಮತ ಬೇಕು. 2022ರಲ್ಲಿ ಹುಟ್ಟಿದ ರಾಷ್ಟ್ರೀಯ ಸ್ವತಂತ್ರ ಪಾರ್ಟಿ ಅದೇ ವರ್ಷ ಗಂಟೆ ಗುರುತಿನಲ್ಲಿ 20 ಸ್ಥಾನ ಪಡೆಯಿತು, ಹೆಚ್ಚಿನವು ಈ ಪಾಲಿನಿಂದಲೇ. ದಕ್ಷಿಣ ಆಫ್ರಿಕಾದಲ್ಲಿ 400 ಸ್ಥಾನಗಳಿಗೆ ಕನಿಷ್ಠ ಮಿತಿಯೇ ಇಲ್ಲ. 2024ರಲ್ಲಿ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಬಹುಮತ ಕಳೆದುಕೊಂಡಾಗ ಬೆರಳೆಣಿಕೆಯ ಸ್ಥಾನದ ಪಕ್ಷಗಳೂ ಸರ್ಕಾರದೊಳಗೆ ಬಂದವು. ನಮ್ಮಲ್ಲಿ ಶೇ 3 ಮತ ರಾಜ್ಯವಿಡೀ ಹರಡಿದ್ದರೆ ಸಿಗುವುದು ಸೊನ್ನೆ.

ಕೆಳಗಿನ ಮೆಟ್ಟಿಲೂ ನಮ್ಮಲ್ಲಿ ಗಟ್ಟಿಯಿಲ್ಲ. ಗ್ರಾಮ ಪಂಚಾಯಿತಿ ಪಕ್ಷರಹಿತ. ಸಣ್ಣ ಪಕ್ಷಕ್ಕೆ ಹೇಳಿ ಮಾಡಿಸಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಇದರ ಹೊಣೆ ದೆಹಲಿಯ ಆಯೋಗದ್ದಲ್ಲ, ಆದರೆ ಪೆಟ್ಟು ತಿನ್ನುವವರು ಈ ವಿಮರ್ಶೆಯ ಗಿರಾಕಿಗಳೇ.

ಪ್ರಚಾರ, ಲೆಕ್ಕ

ಸಭೆ, ವಾಹನ, ಮೈಕ್ ಅನುಮತಿಗೆ ಆಯೋಗದ ಸುವಿಧಾ ಪೋರ್ಟಲ್ ಇದೆ. ಮೈದಾನ ಮೊದಲು ಕೇಳಿದವರಿಗೆ. ಸಣ್ಣವರಿಗೆ ಸಮಪಾಲು ಸಿಗುವ ಅಪರೂಪದ ಜಾಗ ಇದು. 48 ಗಂಟೆ ಮುಂಚೆ ಅರ್ಜಿ ಹಾಕಿ, ಅದೂ ಪೇಟೆಯಲ್ಲಿ ಕೂತು. ಘಟ್ಟದ ಅಂಚಿನ ನೆಟ್‌ವರ್ಕ್ ನಂಬಿ ಕಡತ ಏರಿಸಲು ಹೋದರೆ ಅರ್ಧಕ್ಕೇ ನಿಲ್ಲುತ್ತದೆ. ವಾಹನದ ಅನುಮತಿಯ ಮೂಲಪ್ರತಿಯನ್ನೇ ಮುಂದಿನ ಗಾಜಿಗೆ ಅಂಟಿಸಬೇಕು.

ಕರಪತ್ರದ ಮೇಲೆ ಮುದ್ರಕ, ಪ್ರಕಾಶಕರ ಹೆಸರು–ವಿಳಾಸ ಕಡ್ಡಾಯ, ಅದೇ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ. ಪ್ರೆಸ್ಸಿನವರಿಗೆ ಇಬ್ಬರು ಪರಿಚಿತರ ಸಹಿಯುಳ್ಳ ಘೋಷಣೆ ಕೊಡಬೇಕು. ಮೀರಿದರೆ ಆರು ತಿಂಗಳವರೆಗೆ ಜೈಲು, ಎರಡು ಸಾವಿರದವರೆಗೆ ದಂಡ, ಅಥವಾ ಎರಡೂ. ‘ಅಭಿಮಾನಿಗಳು’ ಎಂದಷ್ಟೇ ಹಾಕಿದ ಕರಪತ್ರ ಮೊದಲ ಚೆಕ್‌ಪೋಸ್ಟಿನಲ್ಲೇ ಇಳಿಯುತ್ತದೆ.

ವಿಧಾನಸಭೆಗೆ ಖರ್ಚಿನ ಮಿತಿ 40 ಲಕ್ಷ. ಸಣ್ಣ ಪಕ್ಷದವರು ಅದರ ಹತ್ತಿರಕ್ಕೂ ಹೋಗುವುದಿಲ್ಲ, ಆದರೆ ಲೆಕ್ಕ ಬರೆಯದೆ ಸಿಕ್ಕಿಬೀಳುವವರು ಅವರೇ. ಅಭ್ಯರ್ಥಿ ಇಡಬೇಕಾದ ಖರ್ಚಿನ ವಹಿಯಲ್ಲಿ ಬಿಳಿ ಹಾಳೆ ದಿನದ ಖರ್ಚಿಗೆ, ಗುಲಾಬಿ ನಗದಿಗೆ, ಹಳದಿ ಬ್ಯಾಂಕಿಗೆ. ಪ್ರಚಾರದ ನಡುವೆ ಮೂರು ಸಲ ತಪಾಸಣೆ. ಶಾಮಿಯಾನ, ಕುರ್ಚಿ, ಟೀ, ತಿಂಡಿಗೆ ಜಿಲ್ಲಾಡಳಿತ ದರಪಟ್ಟಿ ಮಾಡಿರುತ್ತದೆ. ಅಭಿಮಾನಿಯೊಬ್ಬರು ಪುಕ್ಕಟೆ ಕೊಟ್ಟ ಶಾಮಿಯಾನವೂ ದರಪಟ್ಟಿಯ ಬೆಲೆಯಲ್ಲಿ ನಿಮ್ಮ ಖಾತೆಗೆ ಬರುತ್ತದೆ. ಆಯೋಗದ ವೀಕ್ಷಕರ ಕಡೆಯವರು ಬೇರೆಯಾಗಿ ಬರೆದಿಡುವ ನೆರಳು ವಹಿಯಲ್ಲಿ ಅದು ಆಗಲೇ ದಾಖಲಾಗಿರುತ್ತದೆ, ಬಚ್ಚಿಟ್ಟು ಪ್ರಯೋಜನವಿಲ್ಲ. ಒಬ್ಬರಿಗೆ ಹತ್ತು ಸಾವಿರ ಮೀರಿದ ಪಾವತಿ ಚೆಕ್ ಅಥವಾ ಬ್ಯಾಂಕ್ ಮೂಲಕವೇ ಆಗಬೇಕು.

ಫಲಿತಾಂಶದ ದಿನದಿಂದ 30 ದಿನದೊಳಗೆ ಅಂತಿಮ ಲೆಕ್ಕ ಜಿಲ್ಲಾ ಚುನಾವಣಾಧಿಕಾರಿಗೆ ಹೋಗಬೇಕು. ಸೋತವರು, ಠೇವಣಿ ಕಳೆದುಕೊಂಡವರು, ನೂರು ಮತ ಪಡೆದವರು ಯಾರಿಗೂ ವಿನಾಯಿತಿ ಇಲ್ಲ. ಕೊಡದಿದ್ದರೆ ಮೂರು ವರ್ಷ ಅನರ್ಹತೆ. ಫಲಿತಾಂಶ ಮೇ ಮಧ್ಯಕ್ಕೆ ಬಂದರೆ ಗಡುವು ಮುಗಿಯುವುದು ಜೂನ್ ಮಧ್ಯಕ್ಕೆ. ಮಳೆ ಹಿಡಿದು, ಅಡಿಕೆಗೆ ಔಷಧಿ ಹೊಡೆಯುವ ತರಾತುರಿಯಲ್ಲಿ ಬಿಲ್ಲುಗಳ ಕಟ್ಟು ಅಟ್ಟ ಸೇರುವ ಹೊತ್ತು ಅದು. ಮತ ಎಣಿಕೆಯ ಮರುದಿನವೇ ಕೂತು ವಹಿ ಮುಗಿಸಿ, ಸಲ್ಲಿಸಿದ್ದಕ್ಕೆ ಸ್ವೀಕೃತಿ ಪತ್ರ ಪಡೆದುಕೊಳ್ಳಿ.